ಮಂಗಳವಾರ, ಗುರುವಾರ, ಶನಿವಾರದ ಕಾರು

ನವೆಂಬರ್ ಹದಿನೆಂಟು, ಮಂಗಳವಾರ. ಬೆಳಗಿನ ಐದೂವರೆ ಗಂಟೆ. ಸ್ಥಳ, ಹಂಪಾಪುರದ ಹೊರಗಿರುವ ತೋಟದ ಮನೆಯ ಅಂಗಳ. ಹಾಜರಿದ್ದವರು ಮೂವರು: ನಾನು, ನನ್ನ ತಂಗಿ ಗಿರಿಜಾ, ಅವಳ ಗಂಡ ಮಾದೇವಪ್ಪ. ನಮ್ಮೆದುರು ಒಂದು ಎಲೆಕ್ಟ್ರಿಕ್ ಕಾರು. ಹಿಂದಿನ ಸಂಜೆಯೇ ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದ್ದೆವು. ಬಾಗಿಲು ತೆಗೆದು ನೋಡಿದರೆ, ಮಲಗುವಾಗ ಎಷ್ಟು ಚಾರ್ಜಿತ್ತೋ ಹೆಚ್ಚುಕಡಿಮೆ ಅಷ್ಟೇ ಇದೆ. ಚಾರ್ಜರಿನ ಡಬ್ಬಿಯ ಮೇಲೆ ಕೆಂಪು ದೀಪ.

ಕರೆಂಟು ಹೋಗಿರಲಿಲ್ಲ. ನನಗೆ ದಿಗಿಲಾದದ್ದು ಅದಕ್ಕೇ. ಅಡುಗೆಮನೆಯ ಬಲ್ಬು ಉರಿಯುತ್ತಿತ್ತು, ಆದರೆ ಒಳಗಿನ ತಂತಿಯನ್ನು ಎಣಿಸಬಹುದಾದಷ್ಟು ಮಂಕಾಗಿ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ನಮ್ಮ ವಿಜಯಪುರದಲ್ಲಿ ಕರೆಂಟು ಇರುತ್ತದೆ, ಇಲ್ಲವೇ ಹೋಗುತ್ತದೆ. ಇದ್ದೂ ಕೆಲಸಕ್ಕೆ ಬಾರದ ಕರೆಂಟನ್ನು ನಾನು ನೋಡಿದ್ದು ಇಲ್ಲಿಗೆ ಬಂದ ಮೇಲೆ.

“ಇದೇನಕ್ಕ ಇಂಗಾಯ್ತು?” ಎಂದ ಮಾದೇವಪ್ಪ. ಕಾರಿನ ಸುತ್ತ ಒಂದು ಸುತ್ತು ಬಂದು, ಪ್ಲಗ್ಗನ್ನು ಕಿತ್ತು ಮತ್ತೆ ಚುಚ್ಚಿದ.

ನಾನು ಗಿರಿಜಾಳ ಕಾಲು ನೋಡುತ್ತಿದ್ದೆ. ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು.

ಅವಳಿಗೆ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ದಿನ, ಮಂಗಳವಾರ, ಗುರುವಾರ, ಶನಿವಾರ, ಮೈಸೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಗ್ಗೆ ಏಳೂವರೆಗೆ ಅವಳ ಸರದಿ. ಶನಿವಾರದಿಂದ ಮಂಗಳವಾರದ ನಡುವೆ ಒಂದು ದಿನ ಹೆಚ್ಚು ಬೀಳುತ್ತದೆ. ಆ ಹೆಚ್ಚಿನ ದಿನದಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಮಂಗಳವಾರ ತಪ್ಪಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಿಲ್ಲ. ವಿಜಯಪುರದ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಸೋಮವಾರದವರೆಗೆ ನಗುತ್ತಿದ್ದ ರೋಗಿಗಳು ಮಂಗಳವಾರ ಎದೆ ಹಿಡಿದುಕೊಂಡು ಬಂದದ್ದನ್ನು ಕಂಡಿದ್ದೇನೆ.

“ಯಾಕ ಅಕ್ಕಾ, ಏನಾತು?” ಎಂದಳು ಗಿರಿಜಾ. ಇಲ್ಲಿಗೆ ಶಿಕ್ಷಕಿಯಾಗಿ ಬಂದು, ಇಲ್ಲಿಯವನನ್ನೇ ಮದುವೆಯಾಗಿ, ಊರಿನವರ ಜೊತೆ ಊರಿನವರಂತೆಯೇ ಮಾತಾಡುವವಳು, ನನ್ನೊಡನೆ ಮಾತ್ರ ಇನ್ನೂ ತವರಿನ ಮಾತು.

“ಏನಿಲ್ಲ. ನೀ ಒಳಗ ಕುಂದ್ರು.”

ನಾನು ಹಂಪಾಪುರಕ್ಕೆ ಬಂದದ್ದು ಅವಳಿಗಾಗಿ. ಬರುವಾಗ ನನ್ನ ಹಳೆಯ ಚಿಕ್ಕ ಪೆಟ್ರೋಲ್ ಕಾರನ್ನು ನಾನೇ ಓಡಿಸಿಕೊಂಡು ಬಂದೆ. ಮಾದೇವಪ್ಪ ಟ್ರ್ಯಾಕ್ಟರ್ ಬಿಟ್ಟರೆ ಬೇರೇನೂ ಓಡಿಸುವವನಲ್ಲ. ಅವರ ಮಗಳು ಕಾವ್ಯ ಹುಣಸೂರಿನ ಹೈಸ್ಕೂಲಿನಲ್ಲಿ ಮೇಡಂ, ಅಲ್ಲೇ ಕೋಣೆ ಮಾಡಿದ್ದಾಳೆ. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಗಿರಿಜಾಗಿಲ್ಲ. ಹೀಗಾಗಿ ಸ್ಟೀರಿಂಗು ನನ್ನ ಕೈಗೆ ಬಂತು.

ಬಂದ ಹೊಸದರಲ್ಲಿ ಎಲ್ಲವೂ ಅಡ್ಡಾದಿಡ್ಡಿ ಅನ್ನಿಸುತ್ತಿತ್ತು. ನಮ್ಮಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು, ಯಾರು ಬರುತ್ತಿದ್ದಾರೆಂದು ಒಂದು ಮೈಲಿಯಿಂದ ಕಾಣುತ್ತದೆ. ಇಲ್ಲಿ ಬಾಳೆ, ಶುಂಠಿ, ಹೊಗೆಸೊಪ್ಪಿನ ಬ್ಯಾರನ್ನುಗಳ ನಡುವಿನಿಂದ ಜನ ಏಕಾಏಕಿ ಹೊರಬೀಳುತ್ತಾರೆ. ಬ್ಯಾರನ್ನು ಎಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಎತ್ತರದ ಗೂಡು. ವಿಜಯಪುರದಲ್ಲಿ ಬೆಳಗ್ಗೆ ಎದುರುಮನೆಯ ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದೆ. ಇಲ್ಲಿ ಎಚ್ಚರವಾದರೆ ಸದ್ದೇ ಇಲ್ಲ. ಎದ್ದು ಕೂತು, ಯಾರಾದರೂ ಕೆಮ್ಮಲಿ ಎಂದು ಕಾದದ್ದುಂಟು. ಮುದ್ದೆ ನುಂಗುವುದನ್ನು ಮಾದೇವಪ್ಪ ಕಲಿಸಿದ. “ಅಗೀಬ್ಯಾಡಿ ಅಕ್ಕ, ಬುಟ್ಬುಡಿ, ಅದಾಗದೇ ಓಯ್ತದೆ” ಎಂದು. ಅಗಿಯದೆ ನುಂಗುವುದು ನನ್ನ ಸ್ವಭಾವಕ್ಕೆ ಒಗ್ಗದ ಕೆಲಸ. ಆದರೂ ಕಲಿತೆ. ಬದಲಿಗೆ ಅವನಿಗೆ ಬೂಟು ಅಂಗಳದಲ್ಲೇ ಕಳಚುವುದನ್ನು, ಕೈ ಸೋಪಿನಿಂದ ತೊಳೆದೇ ಹೆಂಡತಿಯ ಡಯಾಲಿಸಿಸ್ ಸೂಜಿ ಚುಚ್ಚುವ ತೋಳು ಮುಟ್ಟುವುದನ್ನು ಕಲಿಸಿದೆ. ಮನೆಯ ಸುತ್ತ ಎಕರೆಗಟ್ಟಲೆ ಬಾಳೆ ಇದೆ. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಗಿರಿಜಾ ಒಂದನ್ನೂ ತಿನ್ನುವಂತಿಲ್ಲ.

ನನ್ನ ಕಾರು ಮುದಿಯಾಯಿತು. ಹೊಸದು ಬೇಕೇ ಬೇಕೆಂದಾಗ ಮನೆಯಲ್ಲಿ ಮೂರು ಪಕ್ಷಗಳಾದವು.

ನಾನು ಇನ್ನೊಂದು ಚಿಕ್ಕ ಪೆಟ್ರೋಲ್ ಕಾರಿನ ಪಕ್ಷ. ಪಿರಿಯಾಪಟ್ಟಣದಲ್ಲಿ ಟ್ಯಾಕ್ಸಿ ಓಡಿಸುವ ಒಬ್ಬನನ್ನು ಕೇಳಿದ್ದೆ. ಅವನು, “ಎಣ್ಣೆ ಆಕಿ, ಕೀ ತಿರುಗ್ಸಿ, ಒಂಟೋಗಿ. ಮಿಕ್ಕಿದ್ದೆಲ್ಲ ಯಾಕ್ರವ್ವ?” ಎಂದಿದ್ದ. ಅವನ ಮಾತು ನನಗೆ ಹಿಡಿಸಿತ್ತು. ಅಂಥ ಕಾರು ಯಾರ ಹಂಗಿಲ್ಲದೆ ಮೈಸೂರಿಗೂ ಹೋಗುತ್ತದೆ, ಮನಸ್ಸಾದ ದಿನ ವಿಜಯಪುರಕ್ಕೂ ಹೋಗುತ್ತದೆ.

ಮಾದೇವಪ್ಪ ಹೈಬ್ರಿಡ್ ಪಕ್ಷ. ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಅವನ ಸ್ನೇಹಿತ ಅಂಥದ್ದೊಂದು ತಂದಿದ್ದಾನೆ. ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯೂ ಇದೆ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಜಾರಿದಾಗ ತನಗೆ ತಾನೇ ಚಾರ್ಜು ಮಾಡಿಕೊಳ್ಳುತ್ತದೆ, ಪ್ಲಗ್ಗು ಬೇಡ. ಭಾನುವಾರ ಮೂವರೂ ಹೋಗಿ ಹತ್ತಿ ನೋಡಿದೆವು. ಓಡಿಸಲು ಸುಖ, ಎಣ್ಣೆಯೂ ಕಡಿಮೆ ಕುಡಿಯುತ್ತದೆ. ಆದರೆ ಬೆಲೆ ನಮ್ಮ ಕೈಗೆ ಮೀರಿದ್ದು, ಮೆಟ್ಟಿಲು ಗಿರಿಜಾಳ ಮೊಣಕಾಲಿಗೆ ಮೀರಿದ್ದು. ಅವಳನ್ನು ಇಬ್ಬರು ಎತ್ತಿ ಕೂರಿಸಬೇಕಾಯಿತು. ಆ ಪಕ್ಷ ಅಲ್ಲಿಗೆ ಮುಗಿಯಿತು.

ಎಲೆಕ್ಟ್ರಿಕ್ ಪಕ್ಷ ಕಾವ್ಯಳದು. ಅವಳ ಸಹೋದ್ಯೋಗಿಯೊಬ್ಬರು ಒಂದು ವಾರ ಓಡಿಸಿ ನೋಡಿ ಎಂದು ತಮ್ಮ ಕಾರನ್ನೇ ಕೊಟ್ಟರು. ಸಿಕ್ಕಿತಲ್ಲ ಎಂದು ನನ್ನ ಹಳೆಯದನ್ನು ಎಚ್.ಡಿ. ಕೋಟೆಯ ಗ್ಯಾರೇಜಿಗೆ ಕ್ಲಚ್ಚಿನ ಕೆಲಸಕ್ಕೆ ಬಿಟ್ಟೆ. ಶನಿವಾರ ರಾತ್ರಿ ಪ್ಲಗ್ಗಿಗೆ ಹಾಕಿ ಪರೀಕ್ಷಿಸಿದೆ. ಬೆಳಗಾಗುವಷ್ಟರಲ್ಲಿ ಪೂರ್ತಿ ತುಂಬಿತ್ತು. ಒಂದು ಪರೀಕ್ಷೆ ಸಾಕೆಂದುಕೊಂಡೆ. ಅಂದು ಜೋರು ಮಳೆ ಬಂದಿತ್ತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಳೆಗೂ ಕಾರಿನ ಚಾರ್ಜಿಗೂ ಸಂಬಂಧ ಇರಬಹುದೆಂದು ವಿಜಯಪುರದವಳಿಗೆ ಹೇಗೆ ಹೊಳೆಯಬೇಕು?

ಹೀಗೆ ಭಾನುವಾರ ಕೆ.ಆರ್. ನಗರಕ್ಕೆ ಹೋಗಿ ಬಂದು ಬಳಲಿದ ಕಾರನ್ನು ಸೋಮವಾರ ಸಂಜೆ ನಿಶ್ಚಿಂತೆಯಿಂದ ಪ್ಲಗ್ಗಿಗೆ ಸಿಕ್ಕಿಸಿದ್ದೆವು. ಮಂಗಳವಾರ ಬೆಳಗ್ಗೆ ಅಂಗಳದಲ್ಲಿ ನಿಂತಿದ್ದೆವು.

ಹಂಪಾಪುರದ ಆಟೋದವನಿಗೆ ಫೋನು ಮಾಡಿದೆವು. ಎತ್ತಲಿಲ್ಲ. ಇನ್ನೊಬ್ಬನು ಕೋಟೆಯಲ್ಲಿದ್ದ, ಬರಲು ತಡವಾಗುತ್ತದೆ ಎಂದ. ಆಂಬುಲೆನ್ಸ್ ಕರೆದರೆ ಹತ್ತಿರದ ಆಸ್ಪತ್ರೆಗೆ ಒಯ್ಯುತ್ತಾರೆ, ಅವಳ ಯಂತ್ರ ಕಾದಿರುವುದು ಮೈಸೂರಿನಲ್ಲಿ. ಕಾರು ತೋರಿಸುತ್ತಿದ್ದ ದೂರ, ಆಸ್ಪತ್ರೆಯ ದೂರಕ್ಕಿಂತ ಒಂದಿಷ್ಟು ಹೆಚ್ಚಿತ್ತು. ಒಂದಿಷ್ಟೇ.

“ಹತ್ರೀ ಎಲ್ಲಾರೂ” ಎಂದೆ. “ಇದರಾಗ ಹೋಗೂಣು.”

ಎಸಿ ಹಾಕಲಿಲ್ಲ. ವೇಗ ಏರಿಸಲಿಲ್ಲ, ಇಳಿಸಲಿಲ್ಲ. ಹಿಂದಿನಿಂದ ಬಂದ ಬಸ್ಸು ಹಾರನ್ ಬಾರಿಸುತ್ತ ಮುಂದೆ ಹೋಯಿತು. ಟೊಮೆಟೊ ತುಂಬಿದ ಗೂಡ್ಸ್ ಆಟೋ ಕೂಡ ನಮ್ಮನ್ನು ಹಿಂದೆ ಹಾಕಿತು. ಡ್ರೈವರು ತಲೆ ಹೊರಹಾಕಿ, “ಅಜ್ಜಿ, ಆರತಿ ಎತ್ಬೇಕಾ?” ಎಂದು ಕೂಗಿದ. ಮಾದೇವಪ್ಪ ಅವನಿಗೆ ಏನೋ ಬೈಯಲು ಹೋದ. ಸುಮ್ಮನಿರಿಸಿದೆ.

ಜಯಪುರ ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿತ್ರ ಮೂಡಿತು.

“ಅಕ್ಕ, ಇದ್ಯಾಕೆ ಆಮೆ ಬಂತು?”

“ಶಕ್ತಿ ಮುಗೀತಾ ಬಂದೈತಿ, ಇನ್ನ ಮ್ಯಾಲೆ ಜೋರಾಗಿ ಓಡಂಗಿಲ್ಲ ಅಂತ.”

“ಇಷ್ಟೊತ್ತು ಜೋರಾಗಿ ಓಡ್ತಿತ್ತಾ?”

ನಗುವ ಹೊತ್ತಲ್ಲ. ಹಿಂದಿನ ಸೀಟಿನಲ್ಲಿ ಗಿರಿಜಾ ಒರಗಲಾರದೆ ಮುಂದಕ್ಕೆ ಬಾಗಿ ಕೂತಿದ್ದಳು. ಒರಗಿದರೆ ಉಸಿರು ಕಟ್ಟುತ್ತದೆ. “ಅಕ್ಕಾ, ಉಸಿರು ಸಾಲವಲ್ದು” ಎಂದಳು, ಮೆಲ್ಲಗೆ, ಕ್ಷಮೆ ಕೇಳುವವಳಂತೆ. ನಾನು ಕನ್ನಡಿಯಲ್ಲಿ ಅವಳ ತುಟಿಯ ಬಣ್ಣ ನೋಡುತ್ತಿದ್ದೆ, ಕಾಲು ಒಂದೇ ಸಮನಾಗಿ ಇಟ್ಟುಕೊಂಡಿದ್ದೆ. “ಮೂಗಿನಿಂದ ಎಳಕೋ. ಬಾಯಿಂದ ಬಿಡು. ಇನ್ನೊಮ್ಮೆ” ಎನ್ನುತ್ತ ಹೋದೆ. ಪೆಟ್ರೋಲ್ ಕಾರಾಗಿದ್ದರೆ ಇಷ್ಟರಲ್ಲಿ ತಲುಪಿರುತ್ತಿದ್ದೆವು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಆಸ್ಪತ್ರೆಯ ಗೇಟು ಮುಟ್ಟಿದಾಗ ಏಳೂವರೆ ದಾಟಿತ್ತು. ಗಾಲಿಕುರ್ಚಿಯನ್ನು ನಾನೇ ತಳ್ಳಿಕೊಂಡು ಓಡಿದೆ. ಒಳಗೆ ಅವಳ ಯಂತ್ರಕ್ಕೆ ಕಾಯುವ ಪಟ್ಟಿಯಲ್ಲಿದ್ದ ಇನ್ನೊಬ್ಬರನ್ನು ಕರೆಯಲು ಟೆಕ್ನಿಷಿಯನ್ ಬಾಗಿಲಿಗೆ ಬಂದಿದ್ದ. ಗಿರಿಜಾಳ ಮುಖ ನೋಡಿದವನೇ ಬಾಗಿಲು ಪೂರ್ತಿ ತೆರೆದ. ಸೂಜಿ ಚುಚ್ಚಿ, ರಕ್ತ ಕೊಳವೆಯಲ್ಲಿ ಹರಿದು, ಅವಳ ಭುಜ ಸಡಿಲವಾದದ್ದನ್ನು ಕಂಡ ಮೇಲೆ ನಾನು ಹೊರಗೆ ಬಂದೆ.

ಹತ್ತಿರದಲ್ಲಿದ್ದ ಚಾರ್ಜಿಂಗ್ ಜಾಗಕ್ಕೆ ಕಾರನ್ನು ತೆವಳಿಸಿದೆವು. ಅಲ್ಲಿ ಸರದಿ ಕಾದು, ಕಾರಿಗೆ ವೈರು ಸಿಕ್ಕಿಸಿ, ಕಟ್ಟೆಯ ಮೇಲೆ ಕೂತೆವು. ಮಾದೇವಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಅಕ್ಕ, ರಾತ್ರಿ ಎಲ್ಲಾರೂ ಕಂಡೆನ್ಸರ್ ಆಕವ್ರೆ.”

“ಅಂದ್ರ?”

ಅವನು ವಿವರಿಸಿದ. ಹಂಪಾಪುರದಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸಿನ ಕರೆಂಟು ದಿನದಲ್ಲಿ ಕೆಲವೇ ಗಂಟೆ, ಸರದಿಯ ಪ್ರಕಾರ ಬರುತ್ತದೆ. ರಾತ್ರಿ ಮನೆಯ ದೀಪಕ್ಕೆಂದು ಒಂದೇ ಫೇಸು ಬಿಡುತ್ತಾರೆ. ರೈತರು ಸ್ಟಾರ್ಟರಿಗೆ ಕಂಡೆನ್ಸರ್ ಎಂಬ ಡಬ್ಬಿ ಜೋಡಿಸಿ ಆ ಒಂದು ಫೇಸಿನಲ್ಲೇ ಮೋಟರು ಓಡಿಸುತ್ತಾರೆ. ನಿಯಮ ಒಪ್ಪುವುದಿಲ್ಲ, ಎಲ್ಲರೂ ಮಾಡುತ್ತಾರೆ. ತೋಟದ ಮನೆಗಳಿಗೂ ಕರೆಂಟು ಅದೇ ಲೈನಿನದು. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಎಲ್ಲರ ಮೋಟರೂ ತಿರುಗಿದರೆ ವೋಲ್ಟೇಜು ಕುಸಿಯುತ್ತದೆ. ಬಲ್ಬು ಮಂಕಾಗಿ ಉರಿಯುತ್ತದೆ, ಕಾರು ಉಣ್ಣುವುದಿಲ್ಲ. ಶನಿವಾರ ಮಳೆಯಿದ್ದದ್ದರಿಂದ ಯಾರಿಗೂ ನೀರು ಬೇಕಿರಲಿಲ್ಲ.

“ಇದು ನಿನಗ ಗೊತ್ತಿತ್ತು.”

“ಗೊತ್ತಿತ್ತು. ಕಾರಿಗೂ ಅದೇ ಕರೆಂಟು ಅನ್ನೋದು ತಲೇಗೆ ಓಗ್ನಿಲ್ಲ.” ತಲೆ ತಗ್ಗಿಸಿದ. “ಅದ್ರಾಗೆ ನಂದೂ ಒಂದಿತ್ತು ಕಣಕ್ಕ. ನಾಳೆ ದಿನಪೂರ್ತಿ ಆಸ್ಪತ್ರೇಲಿ ಇರ್ತೀನಲ್ಲ, ಬಾಳೆ ಒಣಗ್ತದೆ ಅಂತ ನಾನೇ ಆಕ್ಬುಟ್ಟು ಮಲಗ್ದೆ.”

ಕಾರಿನ ಬಾಯಿಂದ ಕರೆಂಟು ಕಸಿದವರಲ್ಲಿ ಕಾರಿನ ಮನೆಯವನೇ ಒಬ್ಬ. ನನಗೆ ಬೈಗುಳ ಬರಲಿಲ್ಲ. ಆಸ್ಪತ್ರೆಗೆ ಬರುವ ಸಲುವಾಗಿಯೇ ಅವನು ಹಾಗೆ ಮಾಡಿದ್ದ.

“ಬುಟ್ಬುಡಿ ಈ ಕಾರು” ಎಂದ ಅವನು. “ಎಣ್ಣೆ ಗಾಡಿನೇ ತಗಳಣ. ನೀವೇಳ್ದಂಗೆ.”

ನಾನು ಗೆದ್ದಿದ್ದೆ. ಸಂತೋಷವಾಗಬೇಕಿತ್ತು.

ಮಧ್ಯಾಹ್ನ ಗಿರಿಜಾಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟೆವು. ಡಯಾಲಿಸಿಸ್ ಆದ ಮೇಲೆ ಅವಳು ಹಿಂಡಿದ ಬಟ್ಟೆಯಂತಾಗಿರುತ್ತಾಳೆ. ನನ್ನ ಹಳೆಯ ಕಾರಿನಲ್ಲಿ ಒಂದೊಂದು ಗೇರಿನ ಎಳೆತಕ್ಕೂ ಅವಳ ಕೈ ಬಾಯಿಗೆ ಹೋಗುತ್ತಿತ್ತು. ಎಣ್ಣೆಯ ವಾಸನೆಗೆ ವಾಂತಿ, ಉಬ್ಬಿಗೆ ವಾಂತಿ, ಬಸ್ಸಿನ ಹೊಗೆಗೆ ವಾಂತಿ. ಪ್ಲಾಸ್ಟಿಕ್ ಚೀಲ ಹಿಡಿದುಕೊಂಡೇ ಮಾದೇವಪ್ಪ ಪಕ್ಕದಲ್ಲಿ ಕೂರುತ್ತಿದ್ದ. ಇಂದೂ ಹಿಡಿದಿದ್ದ. ಜಯಪುರ ಬಂತು, ಹೋಯಿತು. ಚೀಲ ಖಾಲಿಯಾಗಿಯೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಅವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಗಂಡ ಅವಳ ತಲೆಗೆ ತೊಡೆ ಕೊಟ್ಟು, ಅಲುಗಾಡದೆ ಕೂತಿದ್ದ.

ಅಂಗಳದಲ್ಲಿ ನಿಲ್ಲಿಸಿದ ಮೇಲೂ ಅವಳಿಗೆ ಎಚ್ಚರವಾಗಲಿಲ್ಲ. ನಾವಿಬ್ಬರೂ ಇಳಿಯದೆ ಹಾಗೇ ಕೂತೆವು. ಆಮೇಲೆ ತಾನೇ ಕಣ್ಣು ಬಿಟ್ಟಳು.

“ಬಂದೇಬಿಟ್ಟೇವೇನ? ನನಗ ನಿದ್ದಿ ಹತ್ತಿತ್ತು ಅಕ್ಕಾ.”

ಕಾಯಿಲೆ ಬಿದ್ದ ಮೇಲೆ ಆ ರಸ್ತೆಯಲ್ಲಿ ಅವಳು ಮಲಗಿದ್ದು ಅದೇ ಮೊದಲು. ನನ್ನ ಪಕ್ಷ ಅಲ್ಲಿಗೆ ಸೋತಿತು.

ಹಾಗೆಂದು ಬೆಳಗಿನ ಪಾಡು ಮರೆಯುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಕರೆಂಟಿದ್ದರೂ ಜನರೇಟರ್ ಇರುತ್ತದೆ, ಎರಡನೆಯ ದಾರಿ ಇಲ್ಲದ ಕೆಲಸಕ್ಕೆ ಕೈ ಹಾಕುವುದಿಲ್ಲ. ಒಂದು ದಾರಿ ನನಗೆ ಕಟ್ಟೆಯ ಮೇಲೆಯೇ ಹೊಳೆದಿತ್ತು. ಅವಳು ಯಂತ್ರದ ಮೇಲಿರುವ ಹೊತ್ತಿನಲ್ಲಿ ಕಾರನ್ನು ಮೈಸೂರಿನಲ್ಲೇ ತುಂಬಿಸುವುದು, ಹಾಗೆ ತುಂಬಿದ್ದನ್ನು ಬೇರೆ ಯಾವ ತಿರುಗಾಟಕ್ಕೂ ಮುಟ್ಟದಿರುವುದು. ಆದರೆ ಅಲ್ಲಿ ಒಂದು ದಿನ ಸರದಿ ಸಿಗದಿದ್ದರೆ, ಯಂತ್ರ ಕೆಟ್ಟಿದ್ದರೆ? ಮನೆಯ ಪ್ಲಗ್ಗೂ ನಂಬುವಂತಿರಬೇಕು. ಅದು ಸಣ್ಣಸ್ವಾಮಿ, ಚಿಕ್ಕತಾಯಮ್ಮ ಇವರ ಕೈಯಲ್ಲಿತ್ತು. ನಮ್ಮ ಟ್ರಾನ್ಸ್‌ಫಾರ್ಮರಿನ ಕೆಳಗೆ ಹೊಲ ಇರುವವರಲ್ಲಿ ಇವರಿಬ್ಬರ ಮಾತನ್ನು ಉಳಿದವರು ಕೇಳುತ್ತಾರೆ.

ಸಂಜೆ ಮಾದೇವಪ್ಪ ಇಬ್ಬರನ್ನೂ ಕರೆತಂದ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ. ವಿಷಯ ಹೇಳಿದೆ: ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಯಾರೂ ಕಂಡೆನ್ಸರ್ ಹಾಕಬಾರದು.

“ಮೂರು ರಾತ್ರಿ!” ಸಣ್ಣಸ್ವಾಮಿ ಲೋಟ ಕೆಳಗಿಟ್ಟ. “ವಾರದಾಗೆ ಅರ್ಧ ಓಯ್ತಲ್ಲ ನರ್ಸಮ್ಮ. ನನ್ನ ಶುಂಠಿ ಏನ್ ಕಾರಲ್ಲಿ ಕುಂತ್ಕಂಡು ನೀರ್ ಕುಡ್ಕಬತ್ತದ?”

“ನನ್ನ ಅಗಲಿನ ಸರದೀಲಿ ಅರ್ಧ ನೀನೇ ತಗೋ ಕಣ್ಲಾ” ಎಂದ ಮಾದೇವಪ್ಪ. “ನನ್ನ ಬೋರಿಂದ ನಿನ್ನ ಒಲಕ್ಕೆ ಪೈಪ್ ಎಳ್ಕೊ.”

“ಓಹೋ, ನಿನ್ನೆ ರಾತ್ರಿ ನಿನ್ನ ಮೋಟ್ರೇ ಎಲ್ಲಾರಿಗಿಂತ ಮೊದ್ಲು ಗುಂಯ್ ಅಂತಿತ್ತು. ಎಂಡ್ರುಗಿಂತ ಬಾಳೆಗಿಡ ಎಚ್ಚಾಗೈತೆ ಅಂದ್ಕಂಡಿದ್ದೆ ನಾನು.”

ಮಾದೇವಪ್ಪ ಗಿರಿಜಾ ಮಲಗಿದ್ದ ಒಳಮನೆಯ ಕಡೆ ನೋಡಿದ. ಅದನ್ನು ಕಂಡು ಸಣ್ಣಸ್ವಾಮಿಯೇ ಮೆತ್ತಗಾದ. “ತಮಾಸೆಗಂದೆ ಬುಡಣ್ಣ” ಎಂದ.

ಅಷ್ಟು ಹೊತ್ತು ಎಲೆಯಡಿಕೆ ಅಗಿಯುತ್ತಿದ್ದ ಚಿಕ್ಕತಾಯಮ್ಮ ಬಾಯಿ ಒರೆಸಿಕೊಂಡಳು. ನನಗಿಂತ ಹಿರಿಯಳು, ಒಬ್ಬಳೇ ನಿಂತು ಗದ್ದೆ ಮಾಡಿಸುವವಳು.

“ನೀರಿನ ಮಾತು ಆಮ್ಯಾಕೆ. ನರ್ಸಮ್ಮ, ನೀವು ಇರೋರೋ, ಓಗೋರೋ? ಅದ್ನ ಮೊದ್ಲು ಏಳಿ.”

“ಅಂದ್ರೆ?”

“ಈ ಗಾಡಿ ಓಡ್ಸೋರು ನೀವೊಬ್ರೇ. ನಾವು ವಾರಕ್ಕೆ ಮೂರು ರಾತ್ರಿ ನೀರು ಬುಟ್ಕೊಡ್ತೀವಿ. ನಾಕು ತಿಂಗ್ಳಾದ್ಮೇಲೆ ನೀವು ನಿಮ್ಮೂರ್ಗೆ ಒಂಟೋದ್ರೆ ಈ ಗಾಡಿ ಇಲ್ಲಿ ಕೋಳಿ ಗೂಡಾಯ್ತದೆ. ನೆಂಟ್ರಿಗೆ ಒಂದಿನ ಕಾಫಿ ಕೊಡ್ಬೌದು. ನೀರು ಕೊಡಕ್ಕಾಯ್ತದ?”

ಒಳಗಿನ ಮಂಚದಿಂದ ಗಿರಿಜಾ ದನಿ ಎತ್ತಿದಳು. ಊರಿನವರ ಎದುರು ತವರಿನ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಆಕಿನ್ನ ಕೇಳಬ್ಯಾಡ್ರಿ ಯವ್ವಾ. ಆಕಿ ಮನಿ ಐತಿ ಅಲ್ಲೆ. ಆಕಿಗೂ ವಯಸ್ಸಾಗೇತಿ. ಆಕಿ ಬೇಕಾದಾಗ ಹೋಗವಳು.”

ಅವಳು ನನ್ನನ್ನು ಬಿಡಿಸಲು ನೋಡುತ್ತಿದ್ದಳು. ನನಗೂ ಒಂದು ಕ್ಷಣ ಬಿಡಿಸಿಕೊಳ್ಳಬೇಕೆನಿಸಿತು, ಸುಳ್ಳು ಹೇಳಲಾರೆ. ಇಲ್ಲಿಗೆ ಬಂದ ದಿನದಿಂದ ಯಾರು ಕೇಳಿದರೂ “ನೋಡೂಣು” ಎಂದೇ ಹೇಳಿದ್ದೆ. ಪೆಟ್ರೋಲ್ ಕಾರು ಬೇಕೆಂದು ಹಟ ಹಿಡಿದದ್ದರ ಹಿಂದೆ ಆ “ನೋಡೂಣು” ಕೂತಿತ್ತು. ಬೆಳಗ್ಗೆ ಹೊರಟರೆ ಸಂಜೆಗೆ ವಿಜಯಪುರ.

“ಇರ್ತೀನಿ” ಎಂದೆ. ಅರ್ಧಕ್ಕೆ ನಿಲ್ಲಿಸುವುದು ಸರಿಯಲ್ಲವೆಂದು ಪೂರ್ತಿ ಮಾಡಿದೆ. “ಗಿರಿಜಾ ಇರೋತನಕ ಇರ್ತೀನಿ.”

ರೋಗಿಯ ಆಯುಸ್ಸಿನ ಮಾತನ್ನು ವಾರ್ಡಿನಲ್ಲಿ ಹೇಳುವಂತೆ ಹೇಳಿಬಿಟ್ಟಿದ್ದೆ. ಮಾದೇವಪ್ಪ ಬಾಗಿಲಿನ ಕಡೆ ತಿರುಗಿದ. ಚಿಕ್ಕತಾಯಮ್ಮ ಮಾತ್ರ ಸೆರಗು ಕೊಡವಿ ಎದ್ದಳು.

“ಅಂಗಾರೆ ಇನ್ನೂ ಬೇಜಾನ್ ವರ್ಸ ಆಯ್ತು ಬುಡಿ. ಸೋಮಾರ, ಬುದುವಾರ, ಸುಕ್ರುವಾರ. ಏ ಸಣ್ಣಸ್ವಾಮಿ, ಮಿಕ್ಕೋರ್ಗೆ ನೀನು ಏಳ್ತೀಯೋ, ನಾನು ಏಳ್ಲೋ?”

“ನೀವೇ ಏಳಿ ಅತ್ತೆ. ನಾನೇಳುದ್ರೆ ವಾದ ಮಾಡ್ತರೆ, ನೀವೇಳುದ್ರೆ ಎದರ್ಕತರೆ.”

ಅವರು ಹೋದ ಮೇಲೆ ಹುಣಸೂರಿನ ಕಾವ್ಯಳಿಗೆ ಫೋನು ಮಾಡಿ, ಎಲೆಕ್ಟ್ರಿಕ್ ಕಾರಿಗೇ ಬುಕ್ ಮಾಡು, ಹಳೆಯದನ್ನು ಅದಲುಬದಲಿಗೆ ಕೊಡೋಣ ಎಂದೆ. ಅವಳು ಸಂತೋಷದಲ್ಲಿ, “ದೊಡ್ಡಮ್ಮ, ಇನ್ಮೇಲೆ ನಿಮ್ ಗಾಡಿ ನಂಬರ್ರೂ ನಮ್ ಹುಣಸೂರಿಂದೇ!” ಎಂದಳು. ಹೂಂ ಎಂದೆ. ಗಿರಿಜಾಗೆ ಅನ್ನ ಕೊಟ್ಟೆ, ಮಾತ್ರೆ ಕೊಟ್ಟೆ, ತೋಳಿನ ಪಟ್ಟಿ ಬಿಚ್ಚಿ ನೋಡಿ ಮತ್ತೆ ಕಟ್ಟಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಆಮೇಲೆ ವಿಜಯಪುರಕ್ಕೆ, ಪಕ್ಕದ ಮನೆಯ ಶಕುಂತಲಾಗೆ ಫೋನು ಮಾಡಿದೆ. ನನ್ನ ಕೈಕೆಳಗೆ ನರ್ಸಾಗಿದ್ದವಳು, ಮನೆಯ ಕೀಲಿ ಅವಳ ಹತ್ತಿರವೇ ಇದೆ. ಬಾಡಿಗೆಗೆ ಕೇಳುತ್ತಿದ್ದವರಿಗೆ ಮನೆ ಕೊಟ್ಟುಬಿಡು ಎಂದೆ.

“ಮತ್ತ ನೀವು, ಸಿಸ್ಟರ್?”

“ನಾನು ಇಲ್ಲೇ.”

“ಪೂರ್ತಿ ಮನಿ ಕೊಡ್ಲೇನ್ರಿ?”

ಹೂಂ ಅನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ. “ಹಿಂದಿನ ಕೋಣೆ ಬ್ಯಾಡ. ಅದರಾಗ ನನ್ನ ಮಂಚ ಐತಿ, ಟ್ರಂಕ್ ಐತಿ. ಅದಕ್ಕ ಕೀಲಿ ಹಾಕು. ಈಗ ಹೋಗಿ ಹಾಕು.”

“ಈಗೇನ್ರಿ?”

“ಈಗ. ಫೋನ್ ಇಡಬ್ಯಾಡ.”

ಅವಳ ಚಪ್ಪಲಿಯ ಸದ್ದು, ನಮ್ಮ ಗೇಟಿನ ಕಿರುಗುಟ್ಟುವಿಕೆ, ಪಡಸಾಲೆಯ ದೀಪ ಹಾಕಿದ ಟಕ್ಕೆಂಬ ಸದ್ದು, ಎಲ್ಲವೂ ಹಂಪಾಪುರದ ಜಗಲಿಯಲ್ಲಿ ಕೂತ ನನಗೆ ಕೇಳಿಸಿದವು. ಕೊನೆಗೆ ಕೀಲಿ ತಿರುಗಿತು. ಎರಡು ಸಲ ಜಗ್ಗಿ ನೋಡು ಎಂದೆ. ಜಗ್ಗಿ ನೋಡಿ, ಬಿದ್ದೇತ್ರಿ ಎಂದಳು. ಅಂದಿನ ಕೆಲಸಗಳಲ್ಲಿ ಅದು ಕೊನೆಯದು.